ಫ್ರೆಂಡ್‌ಗೆ ಬ್ರೈನ್ ಆಪರೇಷನ್ ಡೇಟ್ ಕೊಟ್ಟಿದಾರೆ, ಈಗ ನೀವೇನ್ ಮಾಡ್ಬೋದು?

ಡೇಟ್ ಫಿಕ್ಸ್ ಆದ ದಿನದಿಂದ ಆಪರೇಷನ್ ಥಿಯೇಟರ್ ಬಾಗಿಲ ತನಕ ಇರೋ ದಿನಗಳಿದಾವಲ್ಲ, ಅವು ಆಪರೇಷನ್‌ಗಿಂತ ಕಷ್ಟ ಅಂತ ಹೋಗಿಬಂದವರು ಎಷ್ಟೋ ಜನ ಹೇಳ್ತಾರೆ. ಯಾಕಂದ್ರೆ ಆಪರೇಷನ್ ಟೈಮಲ್ಲಿ ಸಾಮಾನ್ಯವಾಗಿ ಪೇಷಂಟ್‌ಗೆ ಪ್ರಜ್ಞೆ ಇರಲ್ಲ, ಎಲ್ಲಾನೂ ಡಾಕ್ಟರ್ ನೋಡ್ಕೋತಾರೆ. ಕಾಯೋವಾಗ ಮಾತ್ರ ಪೂರ್ತಿ ಪ್ರಜ್ಞೆ ಇರತ್ತೆ, ರಾತ್ರಿ ಮೂರು ಗಂಟೆಗೂ ಇರತ್ತೆ. ಅದೂ ತಲೆ ಆಪರೇಷನ್ ಅಂದ್ರೆ ಭಯಾನೇ ಬೇರೆ. ಮಂಡಿ ಆಪರೇಷನ್‌ಗೆ ಹೋಗೋರು ಆಮೇಲೆ ನಡೀತೀನಾ ಅಂತ ಯೋಚಿಸ್ತಾರೆ, ಮಿದುಳಿನ ಆಪರೇಷನ್‌ಗೆ ಹೋಗೋರು ಆಮೇಲೂ ನಾನು ನಾನಾಗೇ ಇರ್ತೀನಾ ಅಂತ ಯೋಚಿಸ್ತಾರೆ.

ಈ ಟೈಮಲ್ಲಿ ಫ್ರೆಂಡ್ ಆದವರ ಕೆಲಸ ಧೈರ್ಯ ತುಂಬೋದು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ನನಗೆ ಹಾಗನ್ಸಲ್ಲ. ಧೈರ್ಯ ಹೇಳೋಕೆ ಊರೆಲ್ಲಾ ಇದೆ. ಫ್ರೆಂಡ್‌ಗೆ ಬೇಕಾಗಿರೋದು ಅವರ ತಲೆ ಮೇಲಿರೋ ಸಣ್ಣಪುಟ್ಟ ಕೆಲಸಗಳನ್ನ ಕೇಳದೇನೇ ಹೊತ್ಕೊಳ್ಳೋರು, ಹಾಗಂತ ಅವರ ನಿರ್ಧಾರಗಳನ್ನ ಮಾತ್ರ ಕಿತ್ಕೊಳ್ಳದೇ ಇರೋರು. ಇವೆರಡರ ಮಧ್ಯದ ಗೆರೆ ಎಲ್ಲಿದೆ ಅಂತ ಗೊತ್ತಾದ್ರೆ ಮಿಕ್ಕಿದ್ದು ಸುಲಭ.

ಮೊದ್ಲು ಯಾವ ಆಪರೇಷನ್ ಅಂತ ತಿಳ್ಕೊಳ್ಳಿ

ಬ್ರೈನ್ ಆಪರೇಷನ್ ಅಂದ ತಕ್ಷಣ ಟ್ಯೂಮರ್, ಕ್ಯಾನ್ಸರ್ ಅಂತ ಮನಸ್ಸು ಓಡತ್ತೆ, ಆದ್ರೆ ಎಲ್ಲಾ ಕೇಸೂ ಅದಲ್ಲ. ರಕ್ತನಾಳ ಉಬ್ಬಿರೋ ಅನ್ಯೂರಿಸಂಗೆ ಕ್ಲಿಪ್ ಹಾಕೋದಿರಬಹುದು, ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಮಾಡೋ ಆಪರೇಷನ್ ಇರಬಹುದು, ಪಾರ್ಕಿನ್ಸನ್ಸ್‌ಗೆ ಒಳಗೆ ಎಲೆಕ್ಟ್ರೋಡ್ ಕೂರಿಸೋದಿರಬಹುದು, ನೀರು ತುಂಬ್ಕೊಂಡಿದ್ರೆ ಅದನ್ನ ಹರಿಸೋಕೆ ಶಂಟ್ ಅನ್ನೋ ಸಣ್ಣ ಕೊಳವೆ ಹಾಕೋದಿರಬಹುದು, ಪಿಟ್ಯುಟರಿ ಗ್ರಂಥಿಯ ಗಡ್ಡೆ ಆದ್ರೆ ಎಷ್ಟೋ ಸಲ ತಲೆಬುರುಡೆ ತೆರೆಯದೇನೇ ಮೂಗಿನ ಮೂಲಕ ಹೋಗಿ ತೆಗೀತಾರೆ. ಟ್ಯೂಮರ್‌ನಲ್ಲೂ ಮೆನಿಂಜಿಯೋಮ ಅನ್ನೋದು ಮಿದುಳಿನ ಹೊದಿಕೆಯಿಂದ ಬೆಳೆಯೋದು, ಅದರಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗ್ಲಯೋಮ ಅನ್ನೋದು ಮಿದುಳಿನ ಒಳಗಿನ ಜೀವಕೋಶಗಳಿಂದಲೇ ಬೆಳೆಯೋದು, ಅದು ಬೇರೆನೇ ಕಥೆ.

ಇದನ್ನ ಫ್ರೆಂಡ್ ಹತ್ರಾನೇ ಒಂದ್ಸಲ ಸರಿಯಾಗಿ ಕೇಳಿ, ಹೆಸರು ಬರ್ಕೊಳ್ಳಿ, ಆಮೇಲೆ ಮತ್ತೆ ಮತ್ತೆ ಕೇಳ್ಬೇಡಿ. ಹತ್ತು ಜನಕ್ಕೆ ಹತ್ತು ಸಲ ಅದೇ ಕಥೆ ಹೇಳಿ ಹೇಳಿ ಅವರಿಗೆ ಸಾಕಾಗಿ ಹೋಗಿರತ್ತೆ. ಓದೋದಿದ್ರೆ ನೀವು ಓದ್ಕೊಳ್ಳಿ, ಓದಿದ್ದನ್ನೆಲ್ಲ ಫಾರ್ವರ್ಡ್ ಮಾಡ್ಬೇಡಿ. ಅವರು ಕೇಳಿದ್ರೆ ಮಾತ್ರ ಹೇಳಿ. ಕೆಲವರಿಗೆ ಪ್ರತಿಯೊಂದು ವಿವರಾನೂ ಬೇಕು, ಸ್ಕ್ಯಾನ್ ಫಿಲ್ಮ್ ಬೆಳಕಿಗೆ ಹಿಡಿದು ನೋಡ್ತಾ ಕೂರ್ತಾರೆ, ಇನ್ನು ಕೆಲವರು ನನಗೇನೂ ಹೇಳ್ಬೇಡ, ಯಾವಾಗ ಬಂದು ಮಲಗ್ಬೇಕು ಅಷ್ಟು ಹೇಳು ಸಾಕು ಅಂತಾರೆ. ಎರಡೂ ಸರೀನೇ. ನಿಮ್ಮ ಫ್ರೆಂಡ್ ಯಾವ ಥರ ಅಂತ ನೋಡ್ಕೊಂಡು ಹಾಗೇ ನಡ್ಕೊಳ್ಳಿ.

ಏನ್ ಮಾತಾಡೋದು

'ಏನೂ ಆಗಲ್ಲ ಬಿಡು' ಅನ್ನೋ ಮಾತು ಎಲ್ಲರ ಬಾಯಲ್ಲೂ ಬರತ್ತೆ, ಒಳ್ಳೇ ಮನಸ್ಸಿಂದಾನೇ ಬರತ್ತೆ. ಆದ್ರೆ ಸರ್ಜನ್ ಎದುರಿಗೆ ಕೂತು ಮಾತು ಹೋಗಬಹುದು, ಒಂದು ಕಡೆ ಬಲ ಕಮ್ಮಿ ಆಗಬಹುದು, ರಕ್ತಸ್ರಾವ ಆಗಬಹುದು ಅಂತ ಒಂದೊಂದಾಗಿ ಓದಿ ಹೇಳಿ ಕನ್ಸೆಂಟ್ ಫಾರ್ಮ್‌ಗೆ ಸೈನ್ ಹಾಕಿಸ್ಕೊಂಡಿರ್ತಾರೆ, ಅದನ್ನ ಕೇಳ್ಕೊಂಡು ಬಂದವರಿಗೆ ನೀವು ಏನೂ ಆಗಲ್ಲ ಅಂದ್ರೆ ಅವರು ತಲೆಯಾಡಿಸಿ ಸುಮ್ನಾಗ್ತಾರೆ. ಆಮೇಲೆ ನಿಮ್ ಹತ್ರ ಭಯದ ಮಾತೇ ಎತ್ತಲ್ಲ.

ಅದರ ಬದಲು 'ಯಾವ್ದಕ್ಕೆ ಜಾಸ್ತಿ ಭಯ ಆಗ್ತಿದೆ ನಿಂಗೆ?' ಅಂತ ಕೇಳಿ ನೋಡಿ. ಉತ್ತರ ಎಷ್ಟೋ ಸಲ ನೀವಂದುಕೊಂಡಿದ್ದೇ ಆಗಿರಲ್ಲ. ಸಾಯೋ ಭಯ ಅಂತ ನೀವಂದ್ಕೊಂಡಿರ್ತೀರಿ, ಅವರಿಗೆ ಮಗು ನನ್ನ ತಲೆ ಪಟ್ಟಿ ನೋಡಿ ಹೆದರ್ಕೊಳತ್ತೇನೋ ಅನ್ನೋ ಚಿಂತೆ ಇರತ್ತೆ, ಅಥವಾ ಮೂತ್ರಕ್ಕೆ ಟ್ಯೂಬ್ (ಕ್ಯಾಥೆಟರ್) ಹಾಕ್ತಾರಂತೆ ಅನ್ನೋ ಮುಜುಗರ, ಅಥವಾ ಕೆಲಸ ಉಳಿಯತ್ತಾ ಅಂತ. ಸಾವಿನ ಮಾತು ಎತ್ತಿದ್ರೆ ಬಾಯಿ ಮುಚ್ಚಿಸ್ಬೇಡಿ. 'ಛೀ ಅಪಶಕುನ ನುಡೀಬೇಡ' ಅಂದ್ರೆ ಆ ಭಯ ಹೋಗಲ್ಲ, ಹೇಳ್ಕೊಳ್ಳೋಕೆ ಜಾಗ ಹೋಗತ್ತೆ ಅಷ್ಟೆ. ಹೂಂ ಅಂತ ಕೇಳ್ಕೊಂಡು ಕೂತಿದ್ರೆ ಸಾಕು, ಉತ್ತರ ಕೊಡಲೇಬೇಕು ಅಂತೇನಿಲ್ಲ.

ಇನ್ನೊಬ್ಬರ ಕಥೆ ಹೇಳೋದಂತೂ ಬೇಡವೇ ಬೇಡ. ನಮ್ ದೊಡ್ಡಪ್ಪನಿಗೂ ಹಿಂಗೇ ಆಗಿತ್ತು ಅಂತ ಶುರು ಮಾಡಿ, ಮಧ್ಯದಲ್ಲಿ ಅವರು ತೀರ್ಕೊಂಡಿದ್ದು ನೆನಪಾಗಿ ಮಾತು ನುಂಗೋ ಜನ ಪ್ರತಿ ಮನೇಲೂ ಒಬ್ಬರಾದ್ರೂ ಇರ್ತಾರೆ. ಅಂಥವರು ಬಂದಾಗ ಮಾತು ಬೇರೆ ಕಡೆ ತಿರುಗಿಸೋ ಕೆಲಸ ನಿಮ್ಮದು ಅಂದ್ಕೊಳ್ಳಿ.

ಮತ್ತೆ ಎಲ್ಲಾ ಹೊತ್ತೂ ಅದೇ ಮಾತಾಡ್ಬೇಡಿ ಮಾರಾಯ್ರೆ. ಹಳೇ ಜಗಳ, ಕ್ರಿಕೆಟ್ಟು, ಆಫೀಸ್ ಗಾಸಿಪ್ಪು, ಅರ್ಧ ನೋಡಿ ಬಿಟ್ಟಿರೋ ಸೀರೀಸು, ಇವೆಲ್ಲಾ ಮುಂಚೆ ಹೆಂಗಿತ್ತೋ ಹಂಗೇ ನಡೀಲಿ. ಎಲ್ಲರೂ ಪಾಪ ಅನ್ನೋ ಮುಖ ಹೊತ್ಕೊಂಡು ಬರೋವಾಗ ಕಾಲೆಳೆಯೋ ಒಬ್ಬ ಫ್ರೆಂಡ್ ಸಿಗೋದು ದೊಡ್ಡ ಬಿಡುಗಡೆ.

'ಏನಾದ್ರೂ ಬೇಕಾದ್ರೆ ಹೇಳು' ಅನ್ನೋದನ್ನ ಬಿಡಿ

ಈ ಮಾತಲ್ಲಿ ತಪ್ಪೇನಿಲ್ಲ, ಆದ್ರೆ ಇದ್ರಿಂದ ಕೆಲಸ ಆಗಲ್ಲ. ಏನು ಬೇಕು ಅಂತ ಯೋಚಿಸೋದು, ಯಾರ್ ಹತ್ರ ಕೇಳೋದು ಅಂತ ಆರಿಸೋದು, ಸಂಕೋಚ ಬಿಟ್ಟು ಫೋನ್ ಮಾಡೋದು, ಈ ಮೂರೂ ಅವರ ಮೇಲೇ ಬಿತ್ತಲ್ಲ. ಅದರ ಬದಲು ಹೂಂ ಅಥವಾ ಉಹೂಂ ಅಂದ್ರೆ ಮುಗಿಯೋ ಥರ ಕೇಳಿ. ಮೆಸೇಜ್ ಹಿಂಗಿರಲಿ:

'ಗುರುವಾರ ಎಂಆರ್‌ಐಗೆ ನಾನೇ ಕರ್ಕೊಂಡ್ ಹೋಗ್ತೀನಿ, ಎಂಟಕ್ಕೆ ಮನೆ ಹತ್ರ ಇರ್ತೀನಿ. ಬೇರೆಯವರು ಬರ್ತಿದ್ರೆ ಬೇಡ ಅಂತ ಹಾಕು ಸಾಕು. ಇದಕ್ಕೆ ರಿಪ್ಲೈ ಮಾಡ್ಲೇಬೇಕು ಅಂತಿಲ್ಲ.'

ಕೊನೇ ಸಾಲು ಮರೀಬೇಡಿ. ಕಾಯೋ ದಿನಗಳಲ್ಲಿ ಫೋನ್ ತುಂಬಾ ಮೆಸೇಜ್ ಇರತ್ತೆ, ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳ್ತಾ ಕೂರೋದೇ ಒಂದು ಡ್ಯೂಟಿ ಆಗ್ಬಿಟ್ಟಿರತ್ತೆ.

ಹಿಡ್ಕೊಳ್ಳೋಕೆ ಕೆಲಸ ಬೇಕಾದಷ್ಟಿದೆ. ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋದು, ನಾಯಿನ ವಾಕ್ ಕರ್ಕೊಂಡು ಹೋಗೋದು, ಕರೆಂಟ್ ಬಿಲ್ ಕಟ್ಟೋದು, ಇನ್ಶೂರೆನ್ಸ್ ಆಫೀಸಿನ ಕಾಲ್ ಹೋಲ್ಡಲ್ಲಿ ಇಟ್ಕೊಂಡು ಕಾಯೋದು, ರಜೆ ಅರ್ಜಿಗೆ ಬೇಕಾದ ಮೆಡಿಕಲ್ ಸರ್ಟಿಫಿಕೇಟ್ ತಗೊಂಡು ಬರೋದು. ಡ್ರೈವಿಂಗ್ ಅಂತೂ ದೊಡ್ಡ ವಿಷಯ, ಫಿಟ್ಸ್ ಬಂದವರು ಗಾಡಿ ಓಡಿಸಬಾರದು, ಆಪರೇಷನ್ ಆದ್ಮೇಲೂ ಡಾಕ್ಟರ್ ಹೂಂ ಅನ್ನೋವರೆಗೂ ಓಡಿಸೋ ಹಾಗಿಲ್ಲ. ಇಷ್ಟು ದಿನ ತನ್ನ ಪಾಡಿಗೆ ಓಡಾಡ್ತಿದ್ದವರಿಗೆ ಔಷಧಿ ಅಂಗಡಿಗೂ ಇನ್ನೊಬ್ಬರನ್ನ ಕೇಳ್ಬೇಕಾಗತ್ತೆ, ಅದರ ಸಂಕಟ ಹೊರಗಿನವರಿಗೆ ಅಷ್ಟಾಗಿ ಗೊತ್ತಾಗಲ್ಲ. ವಾರದ ಯಾವ ದಿನ ಯಾರ ಗಾಡಿ ಅಂತ ನಾಲ್ಕು ಜನ ಫ್ರೆಂಡ್ಸ್ ಸೇರಿ ನೀವೇ ಲಿಸ್ಟ್ ಮಾಡಿ ಕೊಟ್ಬಿಡಿ.

ಸುದ್ದಿ ಹೇಳೋಕೆ ಒಬ್ಬರು ಸಾಕು

ನೆಂಟರು, ಆಫೀಸು, ಕಾಲೇಜ್ ಗ್ರೂಪು, ಎಲ್ಲರಿಗೂ ಏನಾಯ್ತು ಏನಾಯ್ತು ಅಂತ ಕುತೂಹಲ. ಫ್ರೆಂಡ್ ಒಪ್ಪಿದ್ರೆ ನೀವು ಆ ಕೆಲಸ ತಗೊಳ್ಳಿ, ಒಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಅವರು ನೋಡಿ ಓಕೆ ಅಂದಿದ್ದನ್ನ ಮಾತ್ರ ಕಳ್ಸಿ. ಯಾರಿಗೆ ಎಷ್ಟು ಗೊತ್ತಾಗ್ಬೇಕು ಅನ್ನೋದು ಅವರ ಹಕ್ಕು. ಆಫೀಸಿಗೆ 'ಒಂದು ಆಪರೇಷನ್' ಅಂತಷ್ಟೇ ಹೇಳಿರಬಹುದು, ವಯಸ್ಸಾದ ಅಮ್ಮನಿಗೆ ಪೂರ್ತಿ ಹೇಳಿರಲಿಕ್ಕಿಲ್ಲ. ಆಸ್ಪತ್ರೆ ಬೆಡ್ ಮೇಲಿನ ಫೋಟೋ ಸ್ಟೇಟಸ್‌ಗೆ ಹಾಕೋದನ್ನಂತೂ ಅವರನ್ನ ಕೇಳದೆ ಯಾರೂ ಮಾಡ್ಬಾರ್ದು.

ಡಾಕ್ಟರ್ ಹತ್ರ ಜೊತೆಗೆ ಹೋಗೋದು

ನನ್ನ ಕೇಳಿದ್ರೆ ಫ್ರೆಂಡ್ ಮಾಡ್ಬೋದಾದ ಅತಿ ದೊಡ್ಡ ಸಹಾಯ ಇದೇ. ಭಯದಲ್ಲಿರೋರ ಕಿವಿಗೆ ಡಾಕ್ಟರ್ ಹೇಳಿದ್ದು ಅರ್ಧಕ್ಕರ್ಧ ಬೀಳಲ್ಲ. ಗಡ್ಡೆ ಅನ್ನೋ ಪದ ಕೇಳಿದ ಮೇಲೆ ಮುಂದಿನ ಹತ್ತು ನಿಮಿಷ ತುಟಿ ಅಲ್ಲಾಡೋದು ಕಾಣತ್ತೆ ಅಷ್ಟೆ. ಆದ್ದರಿಂದ ಒಂದು ನೋಟ್‌ಬುಕ್ ತಗೊಂಡ್ ಹೋಗಿ, ಬರ್ಕೊಳ್ಳೋದು ನಿಮ್ಮ ಕೆಲಸ, ಮಾತಾಡೋದು ಅವರ ಕೆಲಸ. ಡಾಕ್ಟರ್ ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಕೂಡ ಮಾಡ್ಕೋಬಹುದು, ಕೇಳದೆ ಬೇಡ.

ಹಿಂದಿನ ರಾತ್ರೀನೇ ಇಬ್ಬರೂ ಕೂತು ಪ್ರಶ್ನೆ ಬರೀರಿ. ಈ ಆಪರೇಷನ್ ಉದ್ದೇಶ ಏನು, ಪೂರ್ತಿ ತೆಗೆಯೋದಾ, ಸ್ವಲ್ಪ ತೆಗೆದು ಟೆಸ್ಟ್ ಮಾಡೋದಾ, ಒತ್ತಡ ಇಳಿಸೋದಾ? ಈಗಲೇ ಮಾಡಿಸದೆ ಕಾದ್ರೆ ಏನಾಗತ್ತೆ? ಬೇರೆ ದಾರಿ ಇದೆಯಾ? ಗಡ್ಡೆ ಇರೋ ಜಾಗದಿಂದ ಮಾತು, ಕೈಕಾಲು, ಕಣ್ಣು, ನೆನಪು, ಯಾವುದಕ್ಕೆ ಅಪಾಯ ಜಾಸ್ತಿ? ಇಂಥ ಆಪರೇಷನ್ ನೀವು ಎಷ್ಟು ಮಾಡಿದೀರಿ ಅಂತಾನೂ ಕೇಳಬಹುದು, ಒಳ್ಳೇ ಸರ್ಜನ್‌ಗೆ ಅದರಿಂದ ಬೇಜಾರಾಗಲ್ಲ. ಐಸಿಯುನಲ್ಲಿ ಎಷ್ಟು ದಿನ, ವಾರ್ಡಲ್ಲಿ ಎಷ್ಟು ದಿನ, ಕೆಲಸಕ್ಕೆ ಯಾವಾಗ? ಸೆಕೆಂಡ್ ಒಪಿನಿಯನ್ ಬೇಕು ಅಂದ್ರೆ ರಿಪೋರ್ಟ್ ಮತ್ತೆ ಸ್ಕ್ಯಾನ್‌ನ ಸಿಡಿ ಕೊಡ್ತೀರಾ? ಬರೀ ಪ್ರಿಂಟ್ ರಿಪೋರ್ಟ್ ತಗೊಂಡು ಹೋದ್ರೆ ಎರಡನೇ ಡಾಕ್ಟರ್ ಸ್ಕ್ಯಾನ್ ಚಿತ್ರಗಳೆಲ್ಲಿ ಅಂತ ಕೇಳೇ ಕೇಳ್ತಾರೆ, ಅದಕ್ಕೆ ಸಿಡಿ ಮರೀಬೇಡಿ.

ಒಳಗೆ ಹೋದ್ಮೇಲೆ ಡಾಕ್ಟರ್ ನಿಮ್ಮ ಮುಖ ನೋಡ್ಕೊಂಡು ಮಾತಾಡೋಕೆ ಶುರು ಮಾಡಬಹುದು, ಪೇಷಂಟ್ ಪಕ್ಕದಲ್ಲೇ ಕೂತಿದ್ರೂ. ಆಗ ನೀವು ಫ್ರೆಂಡ್ ಕಡೆ ತಿರುಗಿ, ಡಾಕ್ಟರ್ ಕಣ್ಣೂ ಆ ಕಡೆ ಹೋಗತ್ತೆ. ಮಾತಿಗೆ ಪದ ಸಿಗದೆ ತಡವರಿಸ್ತಿದ್ರೆ, ಎಡಭಾಗದ ಗಡ್ಡೆ ಇದ್ದವರಲ್ಲಿ ಇದು ಆಗೋದಿದೆ, ನೀವು ನುಗ್ಗಿ ವಾಕ್ಯ ಮುಗಿಸ್ಬೇಡಿ, ಸ್ವಲ್ಪ ತಡೀರಿ.

ಕೆಲವು ಕೇಸಲ್ಲಿ ಪೇಷಂಟ್‌ನ ಎಚ್ಚರವಾಗೇ ಇಟ್ಟು ಆಪರೇಷನ್ ಮಾಡ್ತೀವಿ ಅಂತಾರೆ, ಕೇಳಿದವರ ಎದೆ ಧಸಕ್ಕನ್ನತ್ತೆ. ನಿಜ ಹೇಳ್ಬೇಕು ಅಂದ್ರೆ ಅದು ಮಾತಿನ, ಕೈಕಾಲಿನ ಜಾಗ ಕಾಪಾಡೋಕೆ ಮಾಡೋದು. ಮಿದುಳಿಗೆ ಸ್ವಂತವಾಗಿ ನೋವು ಗೊತ್ತಾಗಲ್ಲ, ನೋವು ಗೊತ್ತಾಗೋದು ಚರ್ಮಕ್ಕೆ, ಒಳಗಿನ ಹೊದಿಕೆಗೆ, ಆ ಜಾಗಗಳಿಗೆ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರೆ. ಮಧ್ಯದಲ್ಲಿ ಸ್ವಲ್ಪ ಹೊತ್ತು ಚಿತ್ರ ತೋರಿಸಿ ಇದೇನು ಅಂತ ಕೇಳ್ತಾರೆ, ಎಣಿಸೋಕೆ ಹೇಳ್ತಾರೆ, ಕೈ ಆಡಿಸೋಕೆ ಹೇಳ್ತಾರೆ, ಸರ್ಜನ್ ಮುಟ್ಟಿದ ಜಾಗದಲ್ಲಿ ಮಾತು ನಿಂತ್ರೆ ಆ ಜಾಗ ಬಿಟ್ಬಿಡ್ತಾರೆ. ಇದೇನೂ ಹೊಸ ಪ್ರಯೋಗ ಅಲ್ಲ, ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅನ್ನೋ ಸರ್ಜನ್ 20ನೇ ಶತಮಾನದ ಮೊದಲರ್ಧದಲ್ಲೇ ಫಿಟ್ಸ್ ಪೇಷಂಟ್‌ಗಳಿಗೆ ಹೀಗೆ ಮಾಡಿ ಮಿದುಳಿನ ನಕ್ಷೆ ಬರೆದಿದ್ರು. ಇಂಥ ಆಪರೇಷನ್ ಇದ್ರೆ ಮುಂಚೇನೇ ಪ್ರಾಕ್ಟೀಸ್ ಮಾಡಿಸ್ತಾರೆ, ಮನೇಲಿ ನೀವೂ ಜೊತೆಗೆ ಕೂತು ಚಿತ್ರ ತೋರಿಸಿ ಹೆಸರು ಕೇಳಬಹುದು, ಅದರಲ್ಲಿ ಒಂದಿಷ್ಟು ನಗೂನೂ ಬರತ್ತೆ.

ಮಾತ್ರೆ, ಸಿಟ್ಟು, ನಿದ್ದೆ

ಎಷ್ಟೋ ಸ್ನೇಹ ಇಲ್ಲೇ ಹುಳಿಯಾಗೋದು, ಕಾರಣ ಗೊತ್ತಿಲ್ಲದೇನೇ. ಟ್ಯೂಮರ್ ಸುತ್ತ ಊತ ಇದ್ರೆ ಡೆಕ್ಸಾಮೆಥಸೋನ್ ಅನ್ನೋ ಸ್ಟೆರಾಯ್ಡ್ ಕೊಡೋದುಂಟು. ಊತ ಇಳಿದು ತಲೆನೋವು ಕಮ್ಮಿ ಆಗತ್ತೆ ನಿಜ, ಆದ್ರೆ ಜೊತೆಗೆ ನಿದ್ದೆ ಹಾರಿಹೋಗತ್ತೆ, ವಿಪರೀತ ಹಸಿವು, ಮುಖ ಊದ್ಕೊಳ್ಳೋದು, ಶುಗರ್ ಏರೋದು, ಒಂದು ಕ್ಷಣ ಉಲ್ಲಾಸ ಇನ್ನೊಂದು ಕ್ಷಣ ಅಳು. ಫಿಟ್ಸ್‌ಗೆ ಕೊಡೋ ಲೆವೆಟಿರಾಸೆಟಮ್‌ನಿಂದ ಕೆಲವರಿಗೆ ಸುಮ್‌ಸುಮ್ನೆ ರೇಗತ್ತೆ. ಇನ್ನು ಗಡ್ಡೆ ಹಣೆ ಹಿಂದಿನ ಭಾಗದಲ್ಲಿದ್ರೆ ಸ್ವಭಾವಾನೇ ಬದಲಾದ ಹಾಗೆ ಕಾಣಬಹುದು, ಮುಂಚೆ ಮಾತಾಡ್ತಿದ್ದವರು ಸುಮ್ನೆ ಗೋಡೆ ನೋಡ್ತಾ ಕೂರ್ತಾರೆ, ಮೆತ್ತಗಿದ್ದವರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೆ.

ಅಂದ್ರೆ ನೀವು ಅಷ್ಟು ದೂರದಿಂದ ಬಂದಾಗ 'ಯಾಕೆ ಬಂದೆ, ಹೋಗು' ಅಂತ ಕೂಗಿದ್ರೆ ಅದರಲ್ಲಿ ಮಾತ್ರೆ ಪಾಲೆಷ್ಟು, ಕಾಯಿಲೆ ಪಾಲೆಷ್ಟು, ಭಯದ ಪಾಲೆಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ. ಮನಸ್ಸಿಗೆ ಹಚ್ಕೊಂಡು ಹತ್ತು ದಿನ ಮಾತು ಬಿಡ್ಬೇಡಿ, ಸರಿ ನಾಳೆ ಬರ್ತೀನಿ ಅಂತ ಎದ್ದು ಹೋಗಿ, ನಾಳೆ ನಿಜವಾಗ್ಲೂ ಬನ್ನಿ. ಆದ್ರೆ ಸಿಟ್ಟು ತೀರಾ ಅತಿಯಾದ್ರೆ, ಬದುಕೇ ಬೇಡ ಅನ್ನೋ ಮಾತು ಬಂದ್ರೆ, ಇದು ಮಾತ್ರೆ ಪ್ರಭಾವ ಅಷ್ಟೇ ಅಂತ ಬಿಡದೆ ಅವತ್ತೇ ಡಾಕ್ಟರ್‌ಗೆ ತಿಳಿಸಿ, ಅಲ್ಲೀವರೆಗೂ ಒಬ್ಬರನ್ನೇ ಬಿಡ್ಬೇಡಿ. ಡೋಸ್ ಬದಲಾಯಿಸಬಹುದು, ಬೇರೆ ಮಾತ್ರೆ ಕೊಡಬಹುದು. ಸ್ಟೆರಾಯ್ಡ್ ಆಗ್ಲಿ ಫಿಟ್ಸ್ ಮಾತ್ರೆ ಆಗ್ಲಿ ತಾವಾಗೇ ಏಕಾಏಕಿ ನಿಲ್ಲಿಸೋದು ಅಪಾಯ, ಇದನ್ನ ಮನೆಯವರಿಗೂ ಹೇಳಿಡಿ. ನಿದ್ದೆ ಬರ್ತಿಲ್ಲ ಅಂದ್ರೆ ಸ್ಟೆರಾಯ್ಡ್‌ನ ಯಾವ ಹೊತ್ತಿಗೆ ತಗೋಬೇಕು ಅಂತ ಡಾಕ್ಟರ್‌ನ ಕೇಳಿಸಿ, ದಿನದಲ್ಲಿ ಸ್ವಲ್ಪ ಬೇಗ ತಗೊಂಡ್ರೇನೇ ಎಷ್ಟೋ ಜನಕ್ಕೆ ವ್ಯತ್ಯಾಸ ಆಗತ್ತೆ.

ಎಲ್ಲಾ ಮಾತ್ರೆ ಹೆಸರೂ ಡೋಸೂ ಒಂದು ಹಾಳೆ ಮೇಲೆ ಬರೆದು ಅದರ ಫೋಟೋ ನಿಮ್ಮ ಫೋನಲ್ಲೂ ಇಟ್ಕೊಳ್ಳಿ. ಆ ಲಿಸ್ಟಲ್ಲಿ ಆಸ್ಪಿರಿನ್, ರಕ್ತ ತೆಳು ಮಾಡೋ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲು, ಗಿಡಮೂಲಿಕೆ ಪುಡಿ ಎಲ್ಲಾ ಸೇರ್ಬೇಕು. ಅದೇನು ಔಷಧಿನಾ ಅಂತ ಬಿಟ್ಬಿಡೋದೇ ಅವನ್ನ, ಆದ್ರೆ ರಕ್ತ ಹೆಪ್ಪುಗಟ್ಟೋದರ ಮೇಲೆ ಅವುಗಳಲ್ಲಿ ಕೆಲವು ಪರಿಣಾಮ ಬೀರ್ತವೆ. ಯಾವುದನ್ನ ಯಾವಾಗ ನಿಲ್ಲಿಸ್ಬೇಕು ಅಂತ ಡಾಕ್ಟರ್ ಹೇಳ್ತಾರೆ. ಸಿಗರೇಟು, ಕುಡಿತ ಇದ್ರೆ ಅನಸ್ತೀಶಿಯಾ ಡಾಕ್ಟರ್ ಹತ್ರ ಮುಚ್ಚಿಡದೆ ಹೇಳೋ ಹಾಗೆ ಮಾಡಿ, ಮನೆಯವರ ಮುಂದೆ ಹೇಳೋಕೆ ಮುಜುಗರ ಅಂದ್ರೆ ಮನೆಯವರನ್ನ ಸ್ವಲ್ಪ ಹೊತ್ತು ಹೊರಗೆ ಕರ್ಕೊಂಡು ಹೋಗೋದೂ ಒಂದು ಸಹಾಯಾನೇ.

ಫಿಟ್ಸ್ ಬಂದ್ರೆ, ಮತ್ತೆ ಡೇಟ್‌ಗೆ ಕಾಯಬಾರದ ಲಕ್ಷಣಗಳು

ಜೊತೆಗೆ ಓಡಾಡೋರಿಗೆ ಇದು ಗೊತ್ತಿರಲೇಬೇಕು. ಫಿಟ್ಸ್ ಶುರುವಾದ ತಕ್ಷಣ ಗಡಿಯಾರ ನೋಡಿ. ಸುತ್ತ ಇರೋ ಚೂಪಾದ, ಗಟ್ಟಿ ವಸ್ತು ಸರಿಸಿ, ತಲೆ ಕೆಳಗೆ ಮೆತ್ತಗಿರೋದೇನಾದ್ರೂ ಇಡಿ, ಕನ್ನಡಕ ತೆಗೀರಿ, ಕುತ್ತಿಗೆ ಹತ್ರ ಬಟ್ಟೆ ಸಡಿಲ ಮಾಡಿ, ಆದಷ್ಟು ಬೇಗ ಒಂದು ಪಕ್ಕಕ್ಕೆ ಮಲಗಿಸಿ. ಕೈಕಾಲು ಅದುಮಿ ಹಿಡೀಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು, ಮಾತ್ರೆ ಏನೂ ಹಾಕ್ಬೇಡಿ, ನಾಲಿಗೆ ನುಂಗ್ಬಿಡ್ತಾರೆ ಅನ್ನೋದು ಸುಳ್ಳು. 5 ನಿಮಿಷಕ್ಕಿಂತ ಜಾಸ್ತಿ ಆದ್ರೆ, ಎಚ್ಚರ ಆಗೋ ಮುಂಚೆ ಇನ್ನೊಂದು ಬಂದ್ರೆ, ಉಸಿರಾಟಕ್ಕೆ ಕಷ್ಟ ಆದ್ರೆ, ಬಿದ್ದು ಪೆಟ್ಟಾಗಿದ್ರೆ, ಅಥವಾ ಜೀವಮಾನದಲ್ಲಿ ಇದೇ ಮೊದಲ ಸಲ ಆದ್ರೆ ಆಂಬ್ಯುಲೆನ್ಸ್ ಕರೀರಿ. ಇನ್ನೊಬ್ಬರು ಪಕ್ಕದಲ್ಲಿದ್ರೆ ವಿಡಿಯೋ ಮಾಡಿಸಿ, ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ತಿರುಗಿತು ಅಂತ ಡಾಕ್ಟರ್‌ಗೆ ಅದರಿಂದ ತಿಳಿಯತ್ತೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಗೊಂದಲದಲ್ಲಿರ್ತಾರೆ, ಎಲ್ಲಿದೀನಿ ಅಂತಾನೇ ಗೊತ್ತಿರಲ್ಲ, ಮೆಲ್ಲಗೆ ಮಾತಾಡಿಸ್ತಾ ಪಕ್ಕದಲ್ಲೇ ಇರಿ, ಸುತ್ತ ಸೇರಿರೋ ಜನರನ್ನ ಕಳ್ಸಿ.

ಫಿಟ್ಸ್ ಅಲ್ಲದೇನೂ, ತಲೆನೋವು ದಿಢೀರ್ ಅಂತ ಜೋರಾದ್ರೆ, ವಾಂತಿ ನಿಲ್ಲದೇ ಇದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದೆ ಮಂಕಾಗಿದ್ರೆ, ಒಂದು ಕಡೆ ಕೈಕಾಲು ಸೋತ್ರೆ, ಮಾತು ತೊದಲಿದ್ರೆ, ಒಂದು ಎರಡಾಗಿ ಕಾಣೋಕೆ ಶುರುವಾದ್ರೆ ಆಪರೇಷನ್‌ಗೆ ಇನ್ನೂ ಹತ್ತು ದಿನ ಇದೆಯಲ್ಲ ಅಂತ ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ. ಡಾಕ್ಟರ್‌ಗೆ ಸುಮ್ನೆ ತೊಂದ್ರೆ ಕೊಡೋದ್ಯಾಕೆ ಅನ್ನೋ ಸಂಕೋಚ ಪೇಷಂಟ್‌ಗೆ ಬರತ್ತೆ, ಆ ಸಂಕೋಚ ನಿಮಗಿರಬಾರದು.

ಕಾಗದ ಪತ್ರ

ಇದು ಯಾರಿಗೂ ಇಷ್ಟ ಇಲ್ಲದ ಮಾತು. ಆದ್ರೂ ಆಪರೇಷನ್‌ಗೆ ಮುಂಚೆ ಮಾಡಿಟ್ರೆ ಮನಸ್ಸು ಹಗುರಾಗತ್ತೆ ಅನ್ನೋರೇ ಜಾಸ್ತಿ. ನಾನು ಮಾತಾಡೋ ಸ್ಥಿತೀಲಿ ಇಲ್ಲದಿದ್ರೆ ನನ್ನ ಪರವಾಗಿ ಯಾರು ನಿರ್ಧಾರ ಮಾಡ್ಬೇಕು, ಬ್ಯಾಂಕ್ ಕೆಲಸ ಯಾರು ನೋಡ್ಬೇಕು, ಇನ್ಶೂರೆನ್ಸ್ ಪಾಲಿಸಿ ಎಲ್ಲಿದೆ, ಫೋನ್ ಲಾಕ್ ನಂಬರ್ ಯಾರಿಗೆ ಗೊತ್ತು, ಯಾವ ಸಾಲದ ಕಂತು ಯಾವ ತಾರೀಕಿಗೆ ಕಟ್ ಆಗತ್ತೆ. ಮಾತು ನೀವಾಗೇ ಎತ್ತೋದಾದ್ರೆ ಕೆಲಸದ ಧಾಟಿಯಲ್ಲೇ ಎತ್ತಿ, 'ನೀನು ಎರಡು ವಾರ ಫೋನ್ ಮುಟ್ಟಲ್ಲ ಅಂದ್ಕೋ, ಆ ಟೈಮಲ್ಲಿ ಯಾವ್ಯಾವ ಪೇಮೆಂಟ್ ಇದೆ?' ಅಂತ. ಅಲ್ಲಿಂದ ದೊಡ್ಡ ವಿಷಯಗಳಿಗೆ ಅವರಾಗೇ ಬರ್ತಾರೆ, ಬರ್ಲಿಲ್ಲ ಅಂದ್ರೆ ಎಳೀಬೇಡಿ. ಪಾಸ್‌ವರ್ಡ್ ನೀವು ಇಟ್ಕೊಳ್ಳೋದಕ್ಕಿಂತ ಮನೆಯವರಲ್ಲಿ ಒಬ್ಬರ ಹತ್ರ ಲಕೋಟೇಲಿ ಇಡೋದು ವಾಸಿ, ನಾಳೆ ನಿಮ್ಮ ಮೇಲೂ ಮಾತು ಬರಲ್ಲ.

ಕೂದಲಿನ ವಿಷಯ ಚಿಕ್ಕದು ಅನ್ಸಬಹುದು, ಆದ್ರೆ ಕನ್ನಡಿ ಮುಂದೆ ನಿಲ್ಲೋರಿಗೆ ಅದು ಚಿಕ್ಕದಲ್ಲ. ಈಗೀಗ ಎಷ್ಟೋ ಕಡೆ ತಲೆ ಪೂರ್ತಿ ಬೋಳಿಸದೆ ಹೊಲಿಗೆ ಬರೋ ಜಾಗದಲ್ಲಿ ಒಂದು ಪಟ್ಟಿಯಷ್ಟೇ ತೆಗೀತಾರೆ, ನಿಮ್ಮ ಸರ್ಜನ್ ಏನ್ ಮಾಡ್ತಾರೆ ಅಂತ ಮುಂಚೇನೇ ಕೇಳಿಸಿ. ಮನೇಲೇ ಬ್ಲೇಡ್ ಹಾಕ್ಕೊಂಡು ಹೋಗೋದು ಮಾತ್ರ ಬೇಡ, ಚರ್ಮ ಗೀರಿದ್ರೆ ಸೋಂಕಿಗೆ ದಾರಿ. ನಾನೂ ನಿಂಜೊತೆ ತಲೆ ಬೋಳಿಸ್ತೀನಿ ಅನ್ನೋ ಉತ್ಸಾಹ ನಿಮಗಿದ್ರೆ ಮೊದ್ಲು ಕೇಳಿ, ಎಲ್ಲರಿಗೂ ಅದು ಹಿಡಿಸಲ್ಲ.

ಡೇಟ್ ಮುಂದಕ್ಕೆ ಹೋಗೋದು

ಹೋಗತ್ತೆ, ರೆಡಿಯಾಗಿರಿ. ಎಮರ್ಜೆನ್ಸಿ ಕೇಸ್ ಬಂದ್ರೆ, ಐಸಿಯು ಬೆಡ್ ಖಾಲಿ ಇಲ್ಲಾಂದ್ರೆ, ಪೇಷಂಟ್‌ಗೇ ಜ್ವರ ಕೆಮ್ಮು ಬಂದ್ರೆ ಮುಂದೂಡ್ತಾರೆ. ಹಸಿದ ಹೊಟ್ಟೇಲಿ ಗೌನ್ ಹಾಕ್ಕೊಂಡು ಕೂತಿದ್ದವರಿಗೆ ಇವತ್ತಾಗಲ್ಲ ಅಂತ ಹೇಳಿ ಕಳಿಸೋದೂ ಉಂಟು. ಮನಸ್ಸನ್ನ ಅಷ್ಟು ಗಟ್ಟಿ ಮಾಡ್ಕೊಂಡು ಬಂದಿರ್ತಾರೆ, ಎಲ್ಲಾ ಒಂದೇ ಸಲ ಕುಸಿಯತ್ತೆ. 'ಒಳ್ಳೇದಕ್ಕೇ ಆಯ್ತು ಬಿಡು' ಅನ್ಬೇಡಿ. ಅವರ ಜೊತೆ ಸೇರಿ ಬೈರಿ ಒಂದ್ಸಲ, ಆಮೇಲೆ ಹೊಸ ಡೇಟ್ ಯಾವಾಗ, ನಿಲ್ಲಿಸಿದ್ದ ಮಾತ್ರೆ ಮತ್ತೆ ಶುರು ಮಾಡ್ಬೇಕಾ ಅಂತ ಎರಡನ್ನೂ ಆಸ್ಪತ್ರೇಲಿ ಕೇಳ್ಕೊಂಡೇ ಹೊರಡಿ. ನಿಮಗೆ ನೆಗಡಿ ಇದ್ರೆ ಆ ವಾರ ಭೇಟಿಗೆ ಹೋಗ್ಬೇಡಿ ಅನ್ನೋದು ಬೇರೆ ಹೇಳ್ಬೇಕಾಗಿಲ್ಲ.

ಹಿಂದಿನ ದಿನ ಮತ್ತು ಆ ದಿನ

ಬ್ಯಾಗ್ ರೆಡಿ ಮಾಡೋಕೆ ಜೊತೆಗಿರಿ. ಮುಂದೆ ಬಟನ್ ಇರೋ ಅಂಗಿ ತುಂಬಾ ಮುಖ್ಯ, ತಲೆಗೆ ಪಟ್ಟಿ ಕಟ್ಟಿರೋವಾಗ ಟೀ ಶರ್ಟ್ ತಲೆ ಮೇಲಿಂದ ಹಾಕೋಕಾಗಲ್ಲ. ಜಾರದ ಚಪ್ಪಲಿ, ಉದ್ದ ವೈರಿನ ಚಾರ್ಜರ್, ತುಟಿಗೆ ಹಚ್ಚೋ ಬಾಮ್, ಕಣ್ಣಿಗೆ ಕಟ್ಟೋ ಪಟ್ಟಿ, ಕಿವಿಗೆ ಹಾಕೋ ಇಯರ್‌ಪ್ಲಗ್, ಕನ್ನಡಕದ ಡಬ್ಬಿ, ಹಳೇ ರಿಪೋರ್ಟ್ ಫೈಲ್. ಉಂಗುರ, ಓಲೆ, ಉಗುರು ಬಣ್ಣ ಮನೇಲೇ ತೆಗೆದಿಟ್ಟು ಬನ್ನಿ, ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಹಾಕ್ತಾರೆ. ಸಾಮಾನ್ಯವಾಗಿ ಗಟ್ಟಿ ಆಹಾರ ಕನಿಷ್ಠ 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲಿಸೋಕೆ ಹೇಳ್ತಾರೆ, ಆದ್ರೆ ನಿಮ್ಮ ಆಸ್ಪತ್ರೆ ಬರೆದು ಕೊಟ್ಟಿದ್ದೇ ಕೊನೆ ಮಾತು. ಅವರ ಮುಂದೆ ಕೂತ್ಕೊಂಡು ನೀವು ತಿನ್ಬೇಡಿ ಪ್ಲೀಸ್.

ಒಳಗೆ ಕರ್ಕೊಂಡು ಹೋದ್ಮೇಲೆ ನಿಮ್ಮ ಡ್ಯೂಟಿ ಬದಲಾಗತ್ತೆ. ಈಗ ನೋಡ್ಕೋಬೇಕಾಗಿರೋದು ಹೊರಗೆ ಕೂತಿರೋ ಮನೆಯವರನ್ನ. ನಾಲ್ಕು ಗಂಟೆ ಆಪರೇಷನ್ ಅಂತ ಹೇಳಿರ್ತಾರೆ, ಆರು ಗಂಟೆ ಆದ್ರೂ ಬಾಗಿಲು ತೆರೆಯಲ್ಲ, ಅಲ್ಲಿಗೆ ಎಲ್ಲರ ಮುಖ ಬಿಳಿಚ್ಕೊಳತ್ತೆ. ಅನಸ್ತೀಶಿಯಾ ಕೊಟ್ಟು, ತಲೆ ಅಲ್ಲಾಡದ ಹಾಗೆ ಕ್ಲಾಂಪ್‌ನಲ್ಲಿ ಕೂರಿಸಿ, ಸ್ಕ್ಯಾನ್ ನೋಡಿ ಜಾಗ ಗುರುತಿಸೋ ಮಷೀನ್ ಹೊಂದಿಸೋಕೇ ತುಂಬಾ ಹೊತ್ತು ಹಿಡಿಯತ್ತೆ, ಮುಗಿದ ಮೇಲೂ ಎಚ್ಚರ ಮಾಡಿಸಿ ನೋಡಿಯೇ ಹೊರಗೆ ಕಳಿಸೋದು. ತಡ ಆಯ್ತು ಅಂದ್ರೆ ಏನೋ ಆಗೋಗಿದೆ ಅಂತ ಅರ್ಥ ಅಲ್ಲ. ಇದನ್ನ ಬೆಳಿಗ್ಗೇನೇ ಅವರಿಗೆ ಹೇಳಿಟ್ಟಿರಿ. ಅವರ ಫೋನ್ ನೀವು ಇಟ್ಕೊಂಡು ಬರೋ ಕಾಲ್‌ಗೆಲ್ಲ ಇನ್ನೂ ನಡೀತಿದೆ, ಮುಗಿದ ಮೇಲೆ ಮೆಸೇಜ್ ಹಾಕ್ತೀವಿ ಅಂತ ಒಂದೇ ಸಾಲು ಹೇಳ್ತಾ ಇರಿ.

ಐಸಿಯುಗೆ ಬಿಟ್ರೆ ಮೊದಲ ಸಲ ನೋಡೋಕೆ ಗಾಬರಿ ಆಗತ್ತೆ. ತಲೆಗೆ ಪಟ್ಟಿ, ಎಲ್ಲಾ ಕಡೆ ಟ್ಯೂಬು, ಮುಂದಲೆ ಕಡೆ ಆಪರೇಷನ್ ಆಗಿದ್ರೆ ಎರಡನೇ ಮೂರನೇ ದಿನಕ್ಕೆ ಕಣ್ಣು ಊದ್ಕೊಂಡು ಮುಚ್ಚೇ ಹೋಗಬಹುದು, ಅದು ತಾನಾಗೇ ಇಳಿಯತ್ತೆ. ನರ್ಸ್ ಪದೇ ಪದೇ ಬಂದು ಹೆಸರೇನು, ಎಲ್ಲಿದೀರಿ, ಕೈ ಗಟ್ಟಿಯಾಗಿ ಹಿಡೀರಿ ಅಂತ ಎಬ್ಬಿಸಿ ಎಬ್ಬಿಸಿ ಕೇಳ್ತಾರೆ, ಕಣ್ಣಿಗೆ ಟಾರ್ಚ್ ಬಿಡ್ತಾರೆ, ಮಲಗೋಕೆ ಬಿಡಿ ಅಂತ ಜಗಳ ಮಾಡ್ಬೇಡಿ, ಒಳಗೆ ರಕ್ತಸ್ರಾವ, ಊತ ಏನಾದ್ರೂ ಆದ್ರೆ ಮೊದಲು ಗೊತ್ತಾಗೋದು ಹಾಗೇನೇ. ಏನೇನೋ ಬಡಬಡಿಸಿದ್ರೆ, ನಿಮ್ಮನ್ನೇ ಗುರುತು ಹಿಡೀದಿದ್ರೆ ಪರೀಕ್ಷೆ ಮಾಡೋ ಹಾಗೆ ನಾನ್ಯಾರು ಹೇಳು ನೋಡೋಣ ಅನ್ಬೇಡಿ, ನಾನು ಇಂಥವನು ಬಂದಿದೀನಿ ಅಂತ ಹೇಳಿ, ನರ್ಸ್‌ಗೂ ಒಂದು ಮಾತು ತಿಳಿಸಿ. ಎರಡು ನಿಮಿಷ ನಿಂತು ಬನ್ನಿ, ಸಾಕು.

ಟ್ಯೂಮರ್ ತೆಗೆದಿದ್ರೆ ಅದರ ಬಯಾಪ್ಸಿ ರಿಪೋರ್ಟ್ ಬರೋಕೆ ಇನ್ನೂ ಒಂದು ವಾರಾನೋ ಅದಕ್ಕಿಂತ ಜಾಸ್ತೀನೋ ಹಿಡಿಯತ್ತೆ, ಅದು ಇನ್ನೊಂದು ಕಾಯೋ ಕೆಲಸ, ಮತ್ತೆ ಆ ಹೊತ್ತಿಗೆ ನೋಡೋಕೆ ಬರೋರ ಸಂಖ್ಯೆ ಇಳಿದಿರತ್ತೆ, ಆಪರೇಷನ್ ಸಕ್ಸಸ್ ಅಂತೆ ಅಂತ ಎಲ್ಲರೂ ಅವರವರ ಕೆಲಸಕ್ಕೆ ಹೋಗಿರ್ತಾರೆ. ಸುಸ್ತು ವಾರಗಟ್ಲೆ, ಕೆಲವರಿಗೆ ತಿಂಗಳುಗಟ್ಲೆ ಇರತ್ತೆ, ಗಾಡಿ ಓಡಿಸೋ ಹಾಗೂ ಇಲ್ಲ. ಅದಕ್ಕೆ ಗಾಡಿ ಲಿಸ್ಟ್, ಸ್ಕೂಲ್ ಲಿಸ್ಟ್ ಎಲ್ಲಾ ಆಪರೇಷನ್ ತಾರೀಕಿಗೆ ಮುಗಿಸ್ಬೇಡಿ, ಬರೆಯೋವಾಗ್ಲೇ ಡಿಸ್ಚಾರ್ಜ್ ಆದ್ಮೇಲಿನ ಒಂದು ತಿಂಗಳಿಗೂ ಹೆಸರು ತುಂಬಿಸಿಡಿ.